ದೇವರ ಗೂಡಿನ ಚೆಂಡು

ನಮ್ಮ ಮನೆಗೆ ಮೊದಲ ಸಲ ಬಂದವರು ದೇವರಿಗೆ ಕೈಮುಗಿದು, ಕಣ್ಣು ಬಿಟ್ಟು, ಆಮೇಲೆ ಗೂಡಿನೊಳಗೆ ಇನ್ನೊಂದು ಸಲ ಬಗ್ಗಿ ನೋಡುತ್ತಾರೆ. ಯಾಕೆ ಅಂತ ನನಗೆ ಗೊತ್ತು. ಗೂಡಿನ ನಡುವೆ ಗಣಪತಿ, ಅವನ ಬಲಕ್ಕೆ ಕೃಷ್ಣ, ಎಡಕ್ಕೆ ದೀಪ, ದೀಪದ ಪಕ್ಕದಲ್ಲಿ ಒಂದು ಬೇಸ್‌ಬಾಲ್ ಚೆಂಡು. ಬಿಳಿ ಚರ್ಮ, ಕೆಂಪು ದಾರದ ಹೊಲಿಗೆ, ಒಂದು ಕಡೆ ಹುಲ್ಲಿನ ಕಲೆ, ಮೇಲೆ ನಾನೇ ಇಟ್ಟ ಕುಂಕುಮದ ಬೊಟ್ಟು. ಕಳೆದ ವರಮಹಾಲಕ್ಷ್ಮಿ ಪೂಜೆಗೆ ಬಂದಿದ್ದ ಮೈಸೂರಿನ ಡಾಕ್ಟರ್ ಆಂಟಿಯೊಬ್ಬರು ಕನ್ನಡಕ ಸರಿ ಮಾಡಿಕೊಂಡು, "ಇದು ನಿಮ್ಮ ಕಡೆ ಪದ್ಧತಿಯೇನಮ್ಮಾ?" ಅಂತ ಕೇಳಿದರು. ಕರಾವಳಿಯವರಲ್ಲಿ ಏನೇನೋ ಪದ್ಧತಿ ಇರುತ್ತದೆ ಅಂತ ಮೈಸೂರಿನವರಿಗೆ ಮೊದಲಿನಿಂದ ಒಂದು ಅನುಮಾನ. ನಾನು "ಹೌದು ಆಂಟಿ" ಅಂದುಬಿಟ್ಟೆ. ಅವರು ಪಾಪ, ಚೆಂಡಿಗೂ ನಾಲ್ಕು ಅಕ್ಷತೆ ಕಾಳು ಹಾಕಿ ಹೋದರು.

ಪೂಜೆಯ ದಿನ ಸುಳ್ಳು ಹೇಳಿದ್ದಕ್ಕೆ ಗಣಪತಿ ನನ್ನನ್ನು ಕ್ಷಮಿಸಿರಬಹುದು. ಇದಕ್ಕಿಂತ ದೊಡ್ಡ ದಡ್ಡತನವನ್ನೇ ಅವನು ಹೊಟ್ಟೆಗೆ ಹಾಕಿಕೊಂಡಿದ್ದಾನೆ. ಆ ಕತೆಯನ್ನು ನಿಮ್ಮ ಹತ್ತಿರ ಹೇಳಿಕೊಳ್ಳುತ್ತೇನೆ. ನೀವು ನಗುತ್ತೀರಿ, ನಕ್ಕರೆ ತೊಂದರೆಯಿಲ್ಲ.

ನಾವು ಕ್ಯಾರೊಲಿನಾದ ಷಾರ್ಲಟ್ ಊರಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಮನೆ ಮಾಡಿದ ಹೊಸತು. ನಮ್ಮವರು ಬೆಳಿಗ್ಗೆ ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ಹೋದರೆ, ಮಗಳು ಶ್ರೇಯಾ ಮಿಡ್ಲ್ ಸ್ಕೂಲಿಗೆ ಹೋದರೆ, ಅಷ್ಟು ದೊಡ್ಡ ಮನೆಯಲ್ಲಿ ನಾನು, ನನ್ನ ಕುಕ್ಕರ್, ಎರಡೇ ಜೀವ. ಪಕ್ಕದ ಮನೆಯ ಡಾಟಿ ಎಂಬ ಅಜ್ಜಿ ಒಂದು ದಿನ ಪೀಚ್ ಹಣ್ಣಿನ ಪೈ ಹಿಡಿದುಕೊಂಡು ಬಂದಳು. ಚರ್ಚಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ ಹೆಂಗಸು. ಪೈ ಮೇಜಿನ ಮೇಲಿಟ್ಟವಳೇ, "ಹನಿ, ನಿಮ್ಮ ಮೇಲಿನ ರೂಮ್ ಖಾಲಿ ಬಿದ್ದಿದೆಯಲ್ಲ, ಒಬ್ಬ ಆಟಗಾರನನ್ನು ಇಟ್ಟುಕೊಳ್ಳುತ್ತೀಯಾ?" ಎಂದಳು. ನಾಯಿಮರಿ ಸಾಕುತ್ತೀಯಾ ಅಂತ ಕೇಳುವ ಹಾಗೆ.

ಆಮೇಲೆ ವಿವರ ಹೇಳಿದಳು. ಟಿವಿಯಲ್ಲಿ ಬರುವ ದೊಡ್ಡ ಬೇಸ್‌ಬಾಲ್ ತಂಡಗಳು ಹುಡುಗರನ್ನು ನೇರವಾಗಿ ಮೇಲಕ್ಕೆ ಹತ್ತಿಸುವುದಿಲ್ಲವಂತೆ. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗರನ್ನು ಎಲ್ಲೆಲ್ಲಿಂದಲೋ ಆರಿಸಿ ತಂದು, ಸಣ್ಣ ಸಣ್ಣ ಊರುಗಳ ತಂಡಗಳಲ್ಲಿ ಬಿಟ್ಟು ಹದ ಮಾಡುತ್ತಾರೆ. ಎಲ್ಲಕ್ಕಿಂತ ಕೆಳಗೆ ರೂಕಿ, ಆಮೇಲೆ ಎ, ಆ ಎ ಒಳಗೇ ಕೆಳಗಿನದು ಮೇಲಿನದು, ಆಮೇಲೆ ಡಬಲ್ ಎ, ಟ್ರಿಪಲ್ ಎ. ನಮ್ಮಿಂದ ಅರ್ಧ ಗಂಟೆ ದೂರದ ಊರಿನ ತಂಡ ಕೆಳಗಿನ ಎ. ಹುಡುಗರಿಗೆ ಸಿಗುವ ಸಂಬಳ ಅಷ್ಟಕ್ಕಷ್ಟೆ. ಹಾಗಾಗಿ ಆಸುಪಾಸಿನ ಸಂಸಾರಸ್ಥರು ಮನೆಗೊಬ್ಬನಂತೆ ಇಟ್ಟುಕೊಂಡು ಅನ್ನ ಹಾಕುತ್ತಾರೆ.

ಅವಳು ಹೇಳುತ್ತಿದ್ದ ಹಾಗೆ ನನಗೆ ನಮ್ಮ ತವರಿನ ಚಾವಡಿ ಕಣ್ಣಿಗೆ ಕಟ್ಟಿತು. ಅಪ್ಪ ವರ್ಷಕ್ಕೊಂದು ಹರಕೆ ಆಟ ಆಡಿಸುತ್ತಿದ್ದರು. ಯಕ್ಷಗಾನ ಮೇಳದವರು ರಾತ್ರಿಯೆಲ್ಲ ಕುಣಿದು, ಹಗಲು ನಮ್ಮ ಚಾವಡಿಯಲ್ಲಿ ಸಾಲಾಗಿ ಮಲಗಿರುತ್ತಿದ್ದರು. ಎಷ್ಟು ತೊಳೆದರೂ ಹೋಗದ ಬಣ್ಣ ಅವರ ಕಿವಿಯ ಹಿಂದೆ ಉಳಿದಿರುತ್ತಿತ್ತು. ನಾನು ಹತ್ತಿರ ಹೋಗಿ ಬಗ್ಗಿ ಬಗ್ಗಿ ನೋಡಿ, ಇವನು ರಾವಣ, ಇವಳು ಸೀತೆ ಅಂತ ಗುರುತು ಹಿಡಿಯುತ್ತಿದ್ದೆ. ಸೀತೆ ಗೊರಕೆ ಹೊಡೆಯುತ್ತಿದ್ದಳು. ಹೊಸದಾಗಿ ಮೇಳ ಸೇರಿದವನಿಗೆ ಕಿರೀಟ ಕೊಡುವುದಿಲ್ಲ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಹೆಣ್ಣುವೇಷ, ಹೀಗೆ ಒಂದೊಂದೇ ಹತ್ತಬೇಕು. ಕೋಡಂಗಿ ಕುಣಿಯುವಾಗ ಜನ ಇನ್ನೂ ಚಾಪೆ ಬಿಡಿಸುತ್ತಾ ಚುರುಮುರಿ ಕಟ್ಟಿಸಿಕೊಳ್ಳುತ್ತಾ ಇರುತ್ತಾರೆ, ಯಾರೂ ನೋಡುವುದಿಲ್ಲ. "ಅಮ್ಮಾ, ಯಾರೂ ನೋಡದಿದ್ದರೂ ಅವನು ಯಾಕೆ ಕುಣೀತಾನೆ?" ಅಂತ ನಾನು ಕೇಳಿದರೆ ಅಮ್ಮ, "ಕಾಲು ಕಲೀತಾ ಉಂಟು, ಸುಮ್ನಿರು" ಅನ್ನುತ್ತಿದ್ದಳು. ಮಧ್ಯಾಹ್ನ ಅವರೆಲ್ಲ ಏಳುವ ಹೊತ್ತಿಗೆ ಅಮ್ಮ ಕುಚ್ಚಲಕ್ಕಿ ಗಂಜಿಯ ಹಂಡೆ ಇಳಿಸಿರುತ್ತಿದ್ದಳು. ಕೋಡಂಗಿಯ ಬಟ್ಟಲಿಗೆ ಒಂದು ಸೌಟು ಜಾಸ್ತಿ.

ಡಾಟಿಗೆ ನಾನು ಅಲ್ಲೇ ಹೂಂ ಅಂದೆ. ಸಂಜೆ ಬಂದ ನಮ್ಮವರು ಷೂ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ನಿನಗೇನು ತಲೆ ಕೆಟ್ಟಿದೆಯಾ? ಅವನಿಗೆ ಮೂರು ಹೊತ್ತೂ ಮಾಂಸ ಬೇಕು."

"ಗರಾಜಿನಲ್ಲಿ ಹಳೇ ಫ್ರಿಜ್ ಉಂಟಲ್ಲ. ಅದು ಅವನದು. ಅಡುಗೆಮನೆ ನನ್ನದು."

"ಅದೂ ಬೇಸ್‌ಬಾಲ್! ಆ ಬ್ಯಾಟು ನೋಡಿದ್ದೀಯಾ? ಒನಕೆ. ಒನಕೆ ಬೀಸೋದೂ ಒಂದು ಆಟವಾ?" ನಮ್ಮವರು ಕ್ರಿಕೆಟ್ ಮತದವರು. ಬೇರೆ ಮತದ ವಿಷಯದಲ್ಲಿ ಸಹನೆ ಕಡಿಮೆ.

ಏಪ್ರಿಲ್‌ನಲ್ಲಿ ರಫಾಯೆಲ್ ಬಂದ. ಡೊಮಿನಿಕನ್ ರಿಪಬ್ಲಿಕ್ ಎಂಬ ದ್ವೀಪದ ಹುಡುಗ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಕೊರಳಲ್ಲಿ ಮೇರಿಯಮ್ಮನ ಪದಕ. ಇಂಗ್ಲಿಷ್ ನನ್ನಷ್ಟೂ ಬಾರದು. ಅದೇ ನನಗೆ ದೇವರು ಮಾಡಿದ ಮೊದಲ ಉಪಕಾರ. ಈ ದೇಶದಲ್ಲಿ ನನ್ನ ಇಂಗ್ಲಿಷ್ ಕೇಳಿ ಹೆದರಿದ ಮೊದಲ ಮನುಷ್ಯ ಅವನು.

ಆ ದಿನ ಅನ್ನ, ಅಲಸಂಡೆ ಕಾಳಿನ ಗಸಿ, ಬಾಳೆಕಾಯಿ ಪೋಡಿ, ಅಂದರೆ ಮೈಸೂರಿನವರ ಬಜ್ಜಿ, ಮಾಡಿದ್ದೆ. ಅವನು ತಟ್ಟೆಯನ್ನು ನೋಡಿದ. ಪೋಡಿಯನ್ನು ಎತ್ತಿ ಮೂಸಿದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಆಮೇಲೆ ತಲೆ ಎತ್ತಲೇ ಇಲ್ಲ. ಅವನ ಊರಲ್ಲೂ ಅನ್ನ, ಕಾಳು, ಬಾಳೆಕಾಯಿಯೇ ಅಂತೆ. ಇದನ್ನು ಹೇಳಿದವಳು ಶ್ರೇಯಾ. ಅವಳು ಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಳು. ನಾನು ಎಷ್ಟು ವರ್ಷ ಗೋಗರೆದರೂ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಈಗ ನಮ್ಮ ಮನೆಯ ದುಭಾಷಿ. "ಮಾಮ್, ಹೀ ಸೇಸ್ ಅವನ ಅಬುಯೇಲಾ, ಮೀನ್ಸ್ ಅಜ್ಜಿ, ಸೇಮ್ ಮಾಡ್ತಾಳೆ" ಅಂತ ಅವಳು ಹೇಳಿದಾಗ, ಆ ಒಂದು ವಾಕ್ಯದಲ್ಲಿ ಎಷ್ಟು ಕನ್ನಡ ಇತ್ತು ಅಂತ ಲೆಕ್ಕ ಹಾಕಿ ನಾನು ಒಳಗೇ ಗಣಪತಿಗೆ ಕೈಮುಗಿದೆ. ಎರಡನೆಯ ಉಪಕಾರ.

ಆದರೆ ಒಂದು ವಿಷಯ ನನಗೆ ಹಿಡಿಸಲಿಲ್ಲ. ಅವನು ಎಡಚ. ಬೆಳಿಗ್ಗೆ ಪೂಜೆಯ ಪ್ರಸಾದ ಕೊಡಹೋದರೆ ಆ ಉದ್ದ ಎಡಗೈ ಮುಂದೆ ಬರುತ್ತಿತ್ತು. ನಾನು "ನೋ, ನೋ, ಅದರ್ ಹ್ಯಾಂಡ್" ಅನ್ನುವುದು, ಅವನು ಗಾಬರಿಯಾಗಿ ಎರಡೂ ಕೈ ಹಿಂದಕ್ಕೆ ಇಟ್ಟುಕೊಳ್ಳುವುದು. ನನ್ನ ತಮ್ಮನೂ ಎಡಚ. ಅವನಿಗೆ ಅಜ್ಜಿ ಬಟ್ಟೆ ಸುತ್ತಿ ಕೈ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದರು. ನಾನು ಅಷ್ಟು ಮಾಡಲಿಲ್ಲ, ಆದರೆ ಚಮಚವನ್ನು ಯಾವಾಗಲೂ ತಟ್ಟೆಯ ಬಲಕ್ಕೇ ಇಡುತ್ತಿದ್ದೆ. ಎಂದಾದರೂ ತಿದ್ದಿಕೊಂಡಾನು ಅಂತ. ಒಂದು ದಿನ ಡಾಟಿಗೆ ಇದನ್ನು ಹೇಳಿ, "ಪಾಪ, ಒಳ್ಳೆ ಹುಡುಗ, ಇದೊಂದು ಕೊರತೆ" ಅಂದೆ. ಡಾಟಿ ನನ್ನನ್ನೇ ನೋಡಿದಳು. "ಹನಿ, ಅವನನ್ನು ಸಮುದ್ರ ದಾಟಿಸಿ ಕರೆತಂದದ್ದೇ ಆ ಎಡಗೈಗಾಗಿ. ಎಡಗೈಯಲ್ಲಿ ಚೆಂಡು ಎಸೆಯುವವನು ಸಿಕ್ಕಿದರೆ ಬಿಡುವುದಿಲ್ಲ, ಹೊಡೆಯುವವನಿಗೆ ಅದು ಅಭ್ಯಾಸವಿರುವುದಿಲ್ಲ." ನಾನು ಮನೆಗೆ ಬಂದು ಸುಮ್ಮನೆ ಚಮಚವನ್ನು ತಟ್ಟೆಯ ಎಡಕ್ಕೆ ಸರಿಸಿದೆ. ಪ್ರಸಾದದ ವಿಷಯದಲ್ಲಿ ಮಾತ್ರ ಸೋಲಲಿಲ್ಲ. ಅದು ಬಲಗೈಗೇ.

ಆಟ ನೋಡಲೂ ಹೋಗುತ್ತಿದ್ದೆವು. ಕ್ಯಾರೊಲಿನಾದ ಬೇಸಿಗೆಯ ಸಂಜೆ ಅಂದರೆ ನಮ್ಮ ಮಂಗಳೂರಿನದೇ ಬೆವರು. ಅಲ್ಲಿ ಬೇಯಿಸಿದ ನೆಲಗಡಲೆ ಮಾರುತ್ತಾರೆ, ನಮ್ಮಲ್ಲಿಯ ಹಾಗೇ ಉಪ್ಪು ಹಾಕಿ, ಸಿಪ್ಪೆ ಸಮೇತ. ಆಟ ಅರ್ಥವಾಗದಿದ್ದರೂ ನೆಲಗಡಲೆ ಅರ್ಥವಾಗುತ್ತಿತ್ತು. ಅರ್ಧ ಖಾಲಿ ಬೆಂಚು, ಐಸ್‌ಕ್ರೀಮಿಗೆ ಅಳುವ ಮಕ್ಕಳು, ಮೈದಾನದ ಕಡೆ ಬೆನ್ನು ಹಾಕಿ ಹರಟುವ ಹೆಂಗಸರು. ನಡುವಿನ ಮಣ್ಣಿನ ದಿಬ್ಬದ ಮೇಲೆ ರಫಾಯೆಲ್ ಒಬ್ಬನೇ. ಕೋಡಂಗಿ ಕುಣಿಯುತ್ತಿದ್ದಾನೆ, ಜನ ಚಾಪೆ ಬಿಡಿಸುತ್ತಿದ್ದಾರೆ ಅಂತ ನನಗೆ ಅನಿಸಿ, ಯಾರೂ ನೋಡದಿದ್ದರೆ ನಾನಾದರೂ ನೋಡುತ್ತೇನೆ ಎಂದು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಒಮ್ಮೆ ಅವನು ಎಸೆದ ಚೆಂಡು ಆಕಾಶಕ್ಕೆ ಹಾರಿ ಬೇಲಿ ದಾಟಿ ಹೋಯಿತು. ಎಂಥ ದೂರ! ನಾನು ಕೈ ನೋಯುವಷ್ಟು ತಟ್ಟಿದೆ. ಶ್ರೇಯಾ ನನ್ನ ಸೀರೆ ಎಳೆದಳು. "ಮಾಮ್! ಸಿಟ್! ಅದು ಅವರ ಪಾಯಿಂಟ್!" ಮುಂದಿನ ಸಾಲಿನವರು ತಿರುಗಿ ನೋಡಿದರು. ನಮ್ಮವರು ತಾವು ಬೇರೆ ಸಂಸಾರದವರು ಎನ್ನುವ ಹಾಗೆ ಪಾರ್ಕಿಂಗ್ ಕಡೆ ನೋಡುತ್ತಾ ಕೂತರು.

ಈಗ ನನ್ನ ದಡ್ಡತನಕ್ಕೆ ಬರುತ್ತೇನೆ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕುತ್ತಿದ್ದೆ. ಡಾಟಿ ತನ್ನ ಮನೆಯಲ್ಲಿಟ್ಟುಕೊಂಡಿದ್ದ ಆಟಗಾರ ಹುಡುಗ ಟೈಲರ್ ಎರಡು ಚೀಲ ಕಾರಿಗೆ ತುಂಬುತ್ತಿದ್ದ. ಡಾಟಿ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದಳು. ಕಾರು ಹೊರಟುಹೋಯಿತು. ನಾನು ಬೇಲಿಯ ಹತ್ತಿರ ಹೋಗಿ, "ಏನಾಯ್ತು?" ಅಂದೆ. ಅವಳು ಮೂಗು ಒರೆಸಿಕೊಳ್ಳುತ್ತಾ, "ಹೋದ, ಹನಿ. ಬೆಳಿಗ್ಗೆ ಫೋನ್ ಬಂತು, ಹೋಗೇಬಿಟ್ಟ" ಅಂದಳು. ಇನ್ನೇನು ಕೇಳುವುದು? ಅಳುವವರ ಹತ್ತಿರ ವಿವರ ಕೇಳಬಾರದು ಅಂತ ನಮ್ಮ ಕಡೆ ಒಂದು ಮರ್ಯಾದೆ. ಪಾಪ, ಕೆಲಸ ಹೋಯಿತು, ಮಧ್ಯದಲ್ಲೇ ಮನೆಗೆ ಕಳಿಸಿದರು ಎಂದುಕೊಂಡು ಅವಳ ಕೈ ಹಿಚುಕಿ ಒಳಗೆ ಬಂದೆ.

ನೇರ ದೇವರ ಮುಂದೆ ನಿಂತೆ. "ಗಣಪತೀ, ರಫಾಯೆಲ್‌ಗೆ ಹಾಗಾಗಬಾರದು. ಅವನು ಈ ಮನೆ ಬಿಟ್ಟು ಹೋಗದ ಹಾಗೆ ನೋಡಿಕೋ. ಅವನು ಇಲ್ಲೇ ನಿಂತು ಸೀಸನ್ ಮುಗಿಸುವ ತನಕ ನಾನು ಕಾಫಿ ಮುಟ್ಟುವುದಿಲ್ಲ."

ನನ್ನನ್ನು ಬಲ್ಲವರಿಗೆ ಇದು ಎಂಥ ಹರಕೆ ಅಂತ ಗೊತ್ತು. ಊಟ ಬಿಡು ಅಂದರೆ ಬಿಟ್ಟೇನು. ಬೆಳಗಿನ ಫಿಲ್ಟರ್ ಕಾಫಿ ಇಳಿಯದೆ ನನಗೆ ಸೂರ್ಯ ಹುಟ್ಟುವುದಿಲ್ಲ. ನಮ್ಮವರಿಗೆ ದಿನಾ ನಾನೇ ಬೆರೆಸಿ ಕೊಡಬೇಕು, ಹಬೆ ಮೂಗಿಗೆ ಹೊಡೆಯುತ್ತದೆ, ನಾನು ಬಿಸಿನೀರು ಕುಡಿಯಬೇಕು. ತಲೆನೋವು ಹಣೆಯಿಂದ ಶುರುವಾಗಿ ಕುತ್ತಿಗೆಗೆ ಇಳಿಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ತುಳಸಿಯನ್ನು ಕೂಡ ಬೈದಿರಬೇಕು.

"ಟೀ ಕುಡಿಯಬಹುದಲ್ಲ?" ಅಂದರು ನಮ್ಮವರು.

"ಕಾಫಿ ಬಿಟ್ಟು ಟೀ ಕುಡಿದರೆ ಗಣಪತಿಗೆ ಗೊತ್ತಾಗುವುದಿಲ್ಲವಾ?"

"ನಿನ್ನ ಗಣಪತಿಗೆ ಗೊತ್ತಾದರೂ ಪರವಾಗಿಲ್ಲ ಮಾರಾಯ್ತಿ, ನಮಗೆ ಬದುಕೋಕೆ ಬಿಡು."

ಆದರೆ ಹರಕೆ ಫಲಿಸುತ್ತಿತ್ತು! ಮೊದಲು ಇನ್ನೊಂದು ಮನೆಯ ಹುಡುಗ ಹೋದ, ಆಮೇಲೆ ಮತ್ತೊಬ್ಬ. ರಫಾಯೆಲ್ ಮಾತ್ರ ಅಲುಗಲಿಲ್ಲ. ಅವನು ಹಿಂದೆಂದಿಗಿಂತ ಚೆನ್ನಾಗಿ ಎಸೆಯುತ್ತಿದ್ದಾನೆ ಅಂತ ಡಾಟಿಯೂ ಹೇಳಿದಳು. ನಾನು ತಲೆಗೆ ಬಟ್ಟೆ ಬಿಗಿದುಕೊಂಡು, ಗೆದ್ದವಳ ಹಾಗೆ ಓಡಾಡಿದೆ.

ಜುಲೈನ ಒಂದು ಮಧ್ಯಾಹ್ನ ಅವನು ಪೋಡಿಯನ್ನು ಮುಟ್ಟದೆ ತಟ್ಟೆ ಸರಿಸಿದ. ಪೋಡಿ ಬೇಡ ಅಂದರೆ ಮೈ ಸರಿಯಿಲ್ಲ ಅಂತ ನಾನು ಹಣೆ ಮುಟ್ಟಿ ನೋಡಿದೆ. ಅವನು ಶ್ರೇಯಾಳಿಗೆ ಮೆಲ್ಲಗೆ ಏನೋ ಹೇಳತೊಡಗಿದ.

"ಏನಂತೆ?" ಅಂದೆ.

"ಹೀ ಸೇಸ್, ನನ್ನನ್ನು ಯಾಕೆ ಕಳಿಸ್ತಾ ಇಲ್ಲ ಅಂತ."

"ಎಲ್ಲಿಗೆ ಕಳಿಸೋದು?"

"ಅಪ್, ಮಾಮ್. ಮೇಲಿನ ಟೀಮ್‌ಗೆ. ಟೈಲರ್ ಹೋದ, ಎವ್ರಿಬಡಿ ಹೋದ್ರು. ಇವನು ಮಾತ್ರ ಸ್ಟಕ್."

ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. "ಟೈಲರ್‌ನನ್ನು ಮನೆಗೆ ಕಳಿಸಲಿಲ್ಲವಾ?"

"ನೋ! ಹೀ ಗಾಟ್ ಪ್ರಮೋಟೆಡ್!"

"ಹಾಗಾದರೆ ಡಾಟಿ ಯಾಕೆ ಅತ್ತಳು?"

"ಬಿಕಾಸ್ ಶೀ ವಾಸ್ ಹ್ಯಾಪಿ, ಮಾಮ್. ಪೀಪಲ್ ಡೂ ದಟ್."

ಆಮೇಲೆ ಅವಳು ಬಿಡಿಬಿಡಿಯಾಗಿ ಹೇಳಿದಳು. ಒಂದೇ ಮೆಟ್ಟಿಲ ಮೇಲೆ ಬಹಳ ಕಾಲ ನಿಂತವನನ್ನು ತಂಡ ಇಟ್ಟುಕೊಳ್ಳುವುದಿಲ್ಲ. ಬರುವ ವರ್ಷ ಅವನಿಗಿಂತ ಚಿಕ್ಕವರು ಬರುತ್ತಾರೆ, ಇವನನ್ನು ಊರಿಗೆ ಕಳಿಸುತ್ತಾರೆ. ಅವನ ಅಣ್ಣನಿಗೆ ಹಾಗೇ ಆಗಿತ್ತಂತೆ. ಅವನೂ ಚೆನ್ನಾಗಿಯೇ ಎಸೆಯುತ್ತಿದ್ದ. ಇಲ್ಲಿ ನಿಲ್ಲುವುದೆಂದರೆ ಮುಗಿಯುವುದು ಅಂತಲೇ. ಈ ಊರಿನ ತಂಡ ಇರುವುದೇ ಬಿಟ್ಟು ಹೋಗುವುದಕ್ಕೆ.

ನಾನು ದೇವರ ಗೂಡಿನ ಕಡೆ ನೋಡಿದೆ. ಗಣಪತಿ ಏನೂ ಗೊತ್ತಿಲ್ಲದವನ ಹಾಗೆ ಕೂತಿದ್ದ. ನಾನು ಕೇಳಿದ್ದನ್ನೇ ಅವನು ಕೊಡುತ್ತಿದ್ದ.

ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿದೆ. ನಮ್ಮ ಉಡುಪಿ ಕಡೆಯವರೇ.

"ಭಟ್ರೇ, ಹೇಳಿಕೊಂಡ ಹರಕೆ ವಾಪಸ್ ತಗೊಳ್ಳಬಹುದಾ?"

"ಅದೆಂತ ಅಂಗಡಿ ಸಾಮಾನಾ ಅಮ್ಮ, ವಾಪಸ್ ಕೊಡಲಿಕ್ಕೆ?"

"ಈ ದೇಶದಲ್ಲಿ ಉಟ್ಟ ಬಟ್ಟೆಯನ್ನೂ ವಾಪಸ್ ತಗೊಳ್ತಾರಲ್ಲ ಭಟ್ರೇ."

"ಗಣಪತಿ ಈ ದೇಶದವನಲ್ಲವಲ್ಲ." ಆಮೇಲೆ ಕತೆಯೆಲ್ಲ ಕೇಳಿಸಿಕೊಂಡು ತುಂಬ ಹೊತ್ತು ನಕ್ಕರು. ನಗು ನಿಂತ ಮೇಲೆ ಕೇಳಿದರು: "ಅದಿರಲಿ, ಆ ಹುಡುಗ ಹೋಗಬೇಕು ಅಂತ ನಿಮ್ಮ ಮನಸ್ಸಿನಲ್ಲಿ ಉಂಟಾ? ಬಾಯಲ್ಲಿ ಹೋಗಲಿ ಅಂತ ಹೇಳಿ ಒಳಗಿನಿಂದ ಇರಲಿ ಅಂದರೆ ಅವನಿಗೆ ಯಾವುದು ಕೇಳಬೇಕು?"

ನಾನು ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತೆ. ಮೇಲಿನ ರೂಮಿನಿಂದ ಅವನ ರೇಡಿಯೋ ಕೇಳುತ್ತಿತ್ತು. ಅವನು ಬಂದ ಮೇಲೆ ನನ್ನ ಮಗಳು ಕನ್ನಡ ಮಾತಾಡುತ್ತಾಳೆ. ಹಗಲು ಮನೆಯಲ್ಲಿ ಒಂದು ಹೆಜ್ಜೆ ಸಪ್ಪಳ ಇರುತ್ತದೆ. ಮಾಡಿದ ಪೋಡಿ ಮಿಗುವುದಿಲ್ಲ. ಟೈಲರ್ ಹೋಗದಿದ್ದರೂ ನಾನು ಏನಾದರೊಂದು ನೆಪ ಹುಡುಕಿ ಅದೇ ಹರಕೆ ಹೇಳುತ್ತಿದ್ದೆನೋ ಏನೋ. ಭಟ್ಟರಿಗೆ ಇದು ಫೋನಿನಲ್ಲೇ ಹೇಗೆ ಕಂಡಿತೋ.

ಎದ್ದು ಹೋಗಿ ಗಣಪತಿಯ ಮುಂದೆ ನಿಂತೆ. ಈ ಸಲ ಬಾಯಿ ಬಿಟ್ಟು, ತಪ್ಪಾಗದ ಹಾಗೆ ನಿಧಾನವಾಗಿ ಹೇಳಿದೆ. "ಅವನು ಹೋಗಲಿ. ಮೇಲಕ್ಕೆ ಹೋಗಲಿ. ಊರಿಗೆ ಅಲ್ಲ, ಮೇಲಕ್ಕೆ. ಹೋಗುವ ತನಕ ಕಾಫಿ ಇಲ್ಲ." ಕಾಫಿಯನ್ನು ಹೇಗೂ ಬಿಟ್ಟಿದ್ದೆನಲ್ಲ, ಅದೇ ಹರಕೆಯನ್ನು ತಿರುಗಿಸಿ ಇಟ್ಟೆ. ಹೆಂಗಸರು ಹಳೇ ಸೀರೆ ತಿರುಗಿಸಿ ಪರದೆ ಹೊಲಿಯುವುದಿಲ್ಲವೇ, ಹಾಗೆ. ಮೊದಲ ದಿನ ಮನಸ್ಸು ಅರ್ಧಕ್ಕರ್ಧ ಇತ್ತು. ದಿನಾ ಹೇಳುತ್ತಾ ಹೇಳುತ್ತಾ, ತಲೆನೋವಿನ ಜೊತೆ ಜೊತೆಗೇ, ಅದು ನಿಜವಾಗುತ್ತಾ ಬಂತು. ಅವನ ತಟ್ಟೆಯಲ್ಲಿ ಮತ್ತೊಮ್ಮೆ ಪೋಡಿ ಉಳಿದ ದಿನವಂತೂ ಪೂರ್ತಿ ನಿಜವಾಯಿತು.

ಮುಂದೆ ಅವನು ಏನಾದ ಅಂತ ನೀವು ಕೇಳುತ್ತೀರಿ. ಹೇಳಿಬಿಡುತ್ತೇನೆ. ಅವನು ಹೋದದ್ದು ವಾಷಿಂಗ್ಟನ್ ಹತ್ತಿರದ ಒಂದು ಊರಿಗೆ, ಮೇಲಿನ ಎ ತಂಡಕ್ಕೆ. ಮರು ಬೇಸಿಗೆಯಲ್ಲಿ ನಾವು ಅಲ್ಲೇ ಹತ್ತಿರದ ರಾಕ್‌ವಿಲ್‌ನ ನಾದಿನಿಯ ಮನೆಗೆ ಹೋದಾಗ, ನಾನು ಡಬ್ಬಿ ತುಂಬ ಪೋಡಿ ಮಾಡಿಕೊಂಡು, ನಮ್ಮವರಿಂದ ಕಾರು ಓಡಿಸಿಕೊಂಡು ಅವನ ಆಟಕ್ಕೆ ಹೋದೆ. ಗೇಟಿನ ಹತ್ತಿರ ವಿಚಾರಿಸಿದರೆ, ಅವನು ಆ ವಾರವಷ್ಟೇ ಡಬಲ್ ಎ ತಂಡಕ್ಕೆ ಹೋದನಂತೆ. ನಮ್ಮವರು, "ಇಷ್ಟು ಟ್ರಾಫಿಕ್‌ನಲ್ಲಿ ಬಂದದ್ದು ಇದಕ್ಕಾ?" ಅಂದರು. ನನಗೆ ಅಳು ಬಂತು. ಯಾವ ಅಳು ಅಂತ ಈಗ ನಾನು ಯಾರಿಗೂ ವಿವರಿಸಬೇಕಾಗಿಲ್ಲ. ಪೋಡಿಯನ್ನು ಗೇಟಿನವನಿಗೇ ಕೊಟ್ಟು ಬಂದೆ. ಈಗಲೂ ಅವನು ಡಬಲ್ ಎನಲ್ಲೇ ಇದ್ದಾನೆ. ಭಾನುವಾರ ಫೋನ್ ಮಾಡಿ "ಅಮ್ಮಾ, ಊಟ ಆಯ್ತಾ?" ಅನ್ನುತ್ತಾನೆ. ಅವನಿಗೆ ಬರುವ ಕನ್ನಡ ಅಷ್ಟೇ, ಸಾಕು.

ಮತ್ತೆ ಆ ಮೊದಲ ಬೇಸಿಗೆಗೇ ಬರುತ್ತೇನೆ. ಅವನು ನಮ್ಮ ಮನೆಯಿಂದ ಹೊರಟ ಬೆಳಿಗ್ಗೆ ಫೋನ್ ಬಂದಾಗ ನಾನು ಪೂಜೆಯಲ್ಲಿದ್ದೆ. ಅವನು ಮಹಡಿಯಿಂದ ಕೂಗುತ್ತಾ ಇಳಿದು ಬಂದು, ನಮ್ಮವರನ್ನು ಬನಿಯನ್ ಸಮೇತ ಎತ್ತಿ ಕುಣಿಸಿದ. ಕ್ರಿಕೆಟಿನವರು ನೆಲದಿಂದ ಮೇಲೆದ್ದು ಏನೂ ಮಾಡಲಾಗದೆ ನಕ್ಕರು. ಹನ್ನೊಂದಕ್ಕೆಲ್ಲ ಹೊರಡಬೇಕು, ನಮ್ಮವರು ಕೆಲಸಕ್ಕೆ ರಜೆ ಹಾಕಿದರು. ಚೀಲ ತುಂಬಿಸಿದೆ. ಉಪ್ಪಿನಕಾಯಿ ಕಟ್ಟಿಕೊಟ್ಟೆ. ಅವನು ಹಿಂದಿನ ದಿನದ ಆಟದ ಚೆಂಡನ್ನು ನನ್ನ ಕೈಯಲ್ಲಿಟ್ಟು ಶ್ರೇಯಾಳ ಕಡೆ ನೋಡಿದ.

"ಹೀ ಸೇಸ್, ಇದನ್ನ ನಿಮ್ಮ ದೇವರ ಹತ್ತಿರ ಇಡಿ ಅಂತೆ. ಅವನ ದೇವರು ಅವನ ಕೊರಳಲ್ಲೇ ಇದ್ದಾಳಂತೆ."

ಒಂದೂ ಇಂಗ್ಲಿಷ್ ಪದವಿಲ್ಲದ ಆ ಎರಡನೇ ವಾಕ್ಯ ಅವಳಿಗೆ ಗೊತ್ತಿಲ್ಲದೆ ಬಂದದ್ದು. ನಾನು ಏನೂ ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾಳೆ.

ಪ್ರಸಾದದ ಪಂಚಕಜ್ಜಾಯದ ಬಟ್ಟಲು ತಂದೆ. ಅವನು ಕಲಿಸಿದ ಮಗುವಿನ ಹಾಗೆ ಬಲಗೈ ಚಾಚಿದ. ನಾನು ಆ ಕೈಯನ್ನು ಪಕ್ಕಕ್ಕೆ ಸರಿಸಿ, ಅವನ ಎಡಗೈಯನ್ನು ಎಳೆದು ಬಿಡಿಸಿ, ಅಂಗೈ ತುಂಬ ಪಂಚಕಜ್ಜಾಯ ಹಾಕಿದೆ. ಚೆಂಡು ಹಿಡಿದು ಹಿಡಿದು ಬೆರಳಿನ ತುದಿಯೆಲ್ಲ ದಡ್ಡುಗಟ್ಟಿತ್ತು. ಅಜ್ಜಿ ಬದುಕಿದ್ದರೆ ನನ್ನನ್ನು ಬಾವಿಕಟ್ಟೆಗೆ ಕಳಿಸಿ ಮೀಯಿಸುತ್ತಿದ್ದರು.

ಅವನು ಹೋದ. ಡಾಟಿಯೂ ನಾನೂ ಬೇಲಿಯ ಎರಡು ಬದಿಯಲ್ಲಿ ನಿಂತು ಅತ್ತೆವು. ಒಳಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಫಿಲ್ಟರಿಗೆ ಪುಡಿ ಹಾಕಿದ್ದು. ಡಿಕಾಕ್ಷನ್ ಇಳಿಯುವಷ್ಟು ಹೊತ್ತೂ ಅದರ ಮುಂದೆಯೇ ನಿಂತಿದ್ದೆ. ಹಾಲು ಉಕ್ಕಿಸಿ, ನೊರೆ ಬರುವ ಹಾಗೆ ಎತ್ತರದಿಂದ ಬೆರೆಸಿ, ಲೋಟ ಹಿಡಿದು ಕೂತೆ. ಒಂದು ಗುಟುಕು ಕುಡಿದೆ. ತಲೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಯಿತು.

ಫೋನ್ ಹೊಡೆದುಕೊಂಡಿತು. ಡಾಟಿ.

"ಹನಿ, ನಿನ್ನ ರೂಮ್ ಖಾಲಿ ಆಯಿತಲ್ಲ. ಕೆಳಗಿನಿಂದ ಒಬ್ಬನನ್ನು ಕಳಿಸುತ್ತಿದ್ದಾರೆ. ಸಂಜೆಯೇ ಬರುತ್ತಾನೆ. ಊರು ಬಿಟ್ಟು ಇದೇ ಮೊದಲಂತೆ, ಬಹಳ ಹೆದರಿದ್ದಾನಂತೆ. ಆಗುತ್ತದಾ?"

ಮೇಲೆ ಹಾಸಿಗೆಯ ಹೊದಿಕೆ ಇನ್ನೂ ಬದಲಾಯಿಸಿರಲಿಲ್ಲ. "ಕಳಿಸು. ಬಾಳೆಕಾಯಿ ತಿನ್ನುತ್ತಾನಾ ಕೇಳು" ಅಂದೆ.

ಫೋನ್ ಇಟ್ಟು ದೇವರ ಗೂಡಿಗೆ ಹೋದೆ. ಚೆಂಡಿಗೆ ಇಟ್ಟ ಕುಂಕುಮ ಇನ್ನೂ ಹಸಿಯಾಗಿತ್ತು. "ಗಣಪತೀ, ಇನ್ನೊಬ್ಬ ಬರುತ್ತಿದ್ದಾನೆ. ಹೆಸರು ಇನ್ನೂ ಗೊತ್ತಿಲ್ಲ. ಬೇಗ ಹೋಗಲಿ," ಅಂದೆ. ಆಮೇಲೆ ಅಡುಗೆಮನೆಗೆ ಬಂದು, ಮೇಜಿನ ಮೇಲೆ ಹಬೆಯಾಡುತ್ತಿದ್ದ ಲೋಟವನ್ನು ತೆಗೆದುಕೊಂಡು ಹೋಗಿ ನಮ್ಮವರ ಕೈಗೆ ಕೊಟ್ಟೆ.